ಸೆಂಟರ್ ಸ್ಟ್ಯಾಂಡ್

ಸೆಂಟರ್ ಸ್ಟ್ಯಾಂಡ್ ಎಂಬುದು ಮೋಟಾರ್ ಸೈಕಲನ್ನು ಯಾವ ಪಕ್ಕಕ್ಕೂ ವಾಲದಂತೆ ನೆಟ್ಟಗೆ ನಿಲ್ಲಿಸುವ, ಚಾಸಿಸ್‌ನ ಅಡಿಯಲ್ಲಿ ಮಡಚಿಕೊಳ್ಳುವ ಎರಡು ಕಾಲುಗಳ ಉಕ್ಕಿನ ಆಧಾರವಾಗಿದೆ. ಕರ್ನಾಟಕದಲ್ಲಿ ಇದನ್ನು ಡಬಲ್ ಸ್ಟ್ಯಾಂಡ್ ಅಥವಾ ಮೇನ್ ಸ್ಟ್ಯಾಂಡ್ ಎಂದೂ, ಒಂಟಿ ಕಾಲಿನ ಆಧಾರವನ್ನು ಸೈಡ್ ಸ್ಟ್ಯಾಂಡ್ ಎಂದೂ ಕರೆಯುವುದು ರೂಢಿ. ಹಿಂದೆ ಬಹುತೇಕ ವಾಹನಗಳೊಂದಿಗೆ ಕಾರ್ಖಾನೆಯಿಂದಲೇ ಬರುತ್ತಿದ್ದ ಈ ಭಾಗವನ್ನು ಇಂದು ದೂರಪ್ರಯಾಣದ ಅನೇಕ ಬೈಕುಗಳಿಗೆ ಪ್ರತ್ಯೇಕವಾಗಿ ಕೊಂಡು ಅಳವಡಿಸಬೇಕಾಗಿದೆ. ಗ್ಯಾರೇಜುಗಳು ವಿರಳವಾಗಿರುವ ಪ್ರದೇಶಗಳಲ್ಲಿ, ಉದಾಹರಣೆಗೆ ಸಾಗರ ತಾಲ್ಲೂಕಿನ ಶರಾವತಿ ಹಿನ್ನೀರಿನಾಚೆಯ ತುಮರಿ, ಬ್ಯಾಕೋಡು ಭಾಗದಲ್ಲಿ, ಹಿಂದಿನ ಚಕ್ರವನ್ನು ದಾರಿಯಲ್ಲೇ ಎತ್ತಿ ನಿಲ್ಲಿಸಬಲ್ಲ ಸಾಧನವಾಗಿ ಇದರ ಉಪಯೋಗ ಹೆಚ್ಚು.

ಹಿನ್ನೆಲೆ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ ಮತ್ತು ಯೆಜ್ಡಿ ಬೈಕುಗಳಿಗೂ, ರಾಯಲ್ ಎನ್‌ಫೀಲ್ಡ್ ಬುಲೆಟ್‌ಗೂ ಸೆಂಟರ್ ಸ್ಟ್ಯಾಂಡ್ ಸಹಜ ಅಂಗವಾಗಿತ್ತು. ಬಜಾಜ್ ಚೇತಕ್ ಸ್ಕೂಟರಿನ ಪೀಳಿಗೆಯವರಿಗಂತೂ ಸ್ಟ್ಯಾಂಡ್ ಎಂದರೆ ಇದೇ ಆಗಿತ್ತು. ಕ್ರಮೇಣ ತೂಕ ಮತ್ತು ವೆಚ್ಚವನ್ನು ತಗ್ಗಿಸಲು, ನೆಲದಿಂದ ಎತ್ತರವನ್ನು ಉಳಿಸಲು ಹಾಗೂ ತಿರುವುಗಳಲ್ಲಿ ಬೈಕು ಹೆಚ್ಚು ವಾಲುವಂತೆ ಮಾಡಲು ತಯಾರಕರು ಇದನ್ನು ಕೈಬಿಡತೊಡಗಿದರು. 2017ರ ಬಿಎಸ್-4 ಮತ್ತು 2020ರ ಬಿಎಸ್-6 ಮಾಲಿನ್ಯ ನಿಯಮಗಳ ತರುವಾಯ ಹೊಗೆ ಶುದ್ಧೀಕರಿಸುವ ಪೆಟ್ಟಿಗೆಯೂ ಅನೇಕ ಮಾದರಿಗಳಲ್ಲಿ ಎಂಜಿನ್ನಿನ ಕೆಳಗಿನ ಜಾಗವನ್ನು ಆಕ್ರಮಿಸಿತು. 2016ರಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಸೆಂಟರ್ ಸ್ಟ್ಯಾಂಡನ್ನು ಉಳಿಸಿಕೊಂಡರೆ, ಕೆಟಿಎಂ 390 ಅಡ್ವೆಂಚರ್, ಬಿಎಂಡಬ್ಲ್ಯು ಜಿ 310 ಜಿಎಸ್‌ಗಳು ಸೈಡ್ ಸ್ಟ್ಯಾಂಡ್ ಮಾತ್ರ ಹೊಂದಿ ಮಾರುಕಟ್ಟೆಗೆ ಬಂದವು. ಎಸ್‌ಡಬ್ಲ್ಯು-ಮೋಟೆಕ್, ಹೆಪ್ಕೊ ಆಂಡ್ ಬೆಕರ್ ಎಂಬ ಜರ್ಮನ್ ಸಂಸ್ಥೆಗಳು ಇಂತಹ ಬೈಕುಗಳಿಗೆಂದೇ ಸ್ಟ್ಯಾಂಡುಗಳನ್ನು ತಯಾರಿಸುತ್ತವೆ.

ರಚನೆ ಮತ್ತು ಕಾರ್ಯವಿಧಾನ

ಸ್ಟ್ಯಾಂಡಿನ ಎರಡು ಕಾಲುಗಳು ಚಾಸಿಸ್‌ನ ತಳಭಾಗದಲ್ಲಿ ಬೋಲ್ಟುಗಳ ಮೇಲೆ ತಿರುಗುತ್ತವೆ. ಎಡಗಾಲಿನಿಂದ ಹೊರಚಾಚಿದ ಮೆಟ್ಟು ಪಾದದಿಂದ ಒತ್ತುವುದಕ್ಕೆ; ಸ್ಪ್ರಿಂಗುಗಳು ಸ್ಟ್ಯಾಂಡನ್ನು ಮೇಲಕ್ಕೆ ಮಡಚಿ ಹಿಡಿಯುವುದಕ್ಕೆ. ಮೆಟ್ಟನ್ನು ಒತ್ತಿದಾಗ ಬೈಕು ತುಸು ಮೇಲೇರಿ ಹಿಂದಕ್ಕೆ ಸರಿಯುತ್ತದೆ. ಕಾಲುಗಳು ಲಂಬರೇಖೆಯನ್ನು ದಾಟಿ ಸ್ವಲ್ಪ ಮುಂದಕ್ಕೆ ಚಾಚಿ ತಡೆಗೆ ತಾಗಿ ನಿಲ್ಲುತ್ತವೆ. ಆ ಬಳಿಕ ಬೈಕಿನ ಭಾರವೇ ಸ್ಟ್ಯಾಂಡನ್ನು ಬಿಗಿಯಾಗಿ ಹಿಡಿದಿಡುತ್ತದೆ. ಇದರ ಪರಿಣಾಮವಾಗಿ ಬೈಕು ಸ್ಟ್ಯಾಂಡಿನಿಂದ ಇಳಿಯುವುದು ಮುಂದಿನ ದಿಕ್ಕಿಗೆ ಮಾತ್ರ. ಕೆಳಗೆ ಹೇಳಿರುವ ಬಹುಪಾಲು ಎಚ್ಚರಿಕೆಗಳಿಗೆ ಈ ಒಂದು ಅಂಶವೇ ಮೂಲ.

ಆಯ್ಕೆ

ಎಲ್ಲ ಬೈಕುಗಳಿಗೂ ಹೊಂದುತ್ತದೆ ಎಂದು ಮಾರುವ ಸ್ಟ್ಯಾಂಡಿಗಿಂತ ಆಯಾ ಮಾದರಿಗೆ ಮತ್ತು ತಯಾರಿಕೆಯ ವರ್ಷಕ್ಕೆ ರೂಪಿಸಿದ್ದನ್ನೇ ಆರಿಸುವುದು ಸೂಕ್ತ. ಒಂದೇ ಹೆಸರಿನ ಬೈಕಿನಲ್ಲಿಯೂ ವರ್ಷದಿಂದ ವರ್ಷಕ್ಕೆ ಸೈಲೆನ್ಸರಿನ ಹಾದಿ ಬದಲಾಗಿರುವುದುಂಟು. ಸ್ಟ್ಯಾಂಡಿನ ಎತ್ತರ ಮೂಲ ಶಾಕ್ ಅಬ್ಸಾರ್ಬರ್ ಹಾಗೂ ಮೂಲ ಅಳತೆಯ ಟೈರುಗಳಿಗೆ ತಕ್ಕಂತೆ ನಿಗದಿಯಾಗಿರುತ್ತದೆ. ಕುಳ್ಳಗಿನವರು ಬೈಕಿನ ಎತ್ತರವನ್ನು ತಗ್ಗಿಸಿಕೊಂಡಿದ್ದರೆ ಅದನ್ನು ಸ್ಟ್ಯಾಂಡಿಗೆ ಏರಿಸುವುದು ಬಲು ಪ್ರಯಾಸ. ಎತ್ತರಿಸಿದ ಬೈಕಿನಲ್ಲಿ ಹಿಂದಿನ ಚಕ್ರ ನೆಲ ಬಿಡುವುದೇ ಇಲ್ಲ, ಆಗ ಸ್ಟ್ಯಾಂಡಿನ ಮುಖ್ಯ ಪ್ರಯೋಜನವೇ ಇಲ್ಲವಾಗುತ್ತದೆ.

ಮಡಚಿದ ಸ್ಥಿತಿಯಲ್ಲಿ ಸ್ಟ್ಯಾಂಡು ಚೈನಿಗಾಗಲಿ, ಸ್ವಿಂಗ್‌ಆರ್ಮಿಗಾಗಲಿ, ಸೈಲೆನ್ಸರಿಗಾಗಲಿ ತಾಗಬಾರದು. ಅಂಗಡಿಯ ಮುಂದೆ ಖಾಲಿ ನಿಂತ ಬೈಕಿನಲ್ಲಿ ಈ ಪರೀಕ್ಷೆ ಪೂರ್ಣವಾಗದು. ಇಬ್ಬರು ಕುಳಿತು, ಸಾಮಾನು ಹೇರಿ, ಹಿಂಭಾಗ ಕೆಳಗೆ ಕುಸಿದಾಗಲೂ ಅಂತರ ಉಳಿಯಬೇಕು. ಎಂಜಿನ್ ರಕ್ಷಣೆಗೆ ಹಾಕಿಸಿದ ಲೋಹದ ತಟ್ಟೆ ಸ್ಟ್ಯಾಂಡಿಗೆ ಅಡ್ಡಬರುವುದು ಸಾಮಾನ್ಯ ದೂರು. ಎರಡನ್ನೂ ಒಂದೇ ತಯಾರಕರಿಂದ ಕೊಂಡರೆ ಈ ತೊಡಕು ಕಡಿಮೆ. ಸ್ಟ್ಯಾಂಡಿನಿಂದ ಬೈಕಿಗೆ ಕೆಲವು ಕಿಲೋಗ್ರಾಂ ತೂಕ ಸೇರುತ್ತದೆ ಮತ್ತು ಅಡಿಯ ಎತ್ತರ ಕೊಂಚ ತಗ್ಗುತ್ತದೆ. ಕಲ್ಲುಬಂಡೆಗಳ ಕಾಡುದಾರಿಯಲ್ಲೇ ಹೆಚ್ಚಾಗಿ ಓಡಿಸುವವರಿಗೆ ಇದು ಲೆಕ್ಕಕ್ಕೆ ಬರುವ ನಷ್ಟ. ಡಾಂಬರು ರಸ್ತೆಯ ದೂರಪ್ರಯಾಣಿಗರಿಗೆ ಅಷ್ಟಾಗಿ ಅಲ್ಲ.

ಬೆಸುಗೆಯ ಅಚ್ಚುಕಟ್ಟುತನ, ಪಾದದ ಅಗಲ, ಸ್ಪ್ರಿಂಗುಗಳ ಸಂಖ್ಯೆ ಇವು ಕಣ್ಣಿಗೆ ಕಾಣುವ ಗುಣಗಳು. ಎರಡು ಸ್ಪ್ರಿಂಗುಗಳಿರುವುದು ಮೇಲು. ಒಂದೇ ಸ್ಪ್ರಿಂಗ್ ಇದ್ದು ಅದು ಓಡುವಾಗ ತುಂಡಾದರೆ ಸ್ಟ್ಯಾಂಡು ಜೋತು ಬಿದ್ದು ರಸ್ತೆಗೆ ಉಜ್ಜುತ್ತದೆ. ತಿರುವಿನಲ್ಲಿ ಅದೇ ಬೈಕನ್ನು ಕೆಡವಬಹುದು.

ಅಳವಡಿಕೆ

ಒಳ್ಳೆಯ ಸ್ಟ್ಯಾಂಡು ಚಾಸಿಸ್‌ನಲ್ಲಿ ಮೊದಲೇ ಇರುವ ರಂಧ್ರಗಳಿಗೆ ಬೋಲ್ಟಿನಿಂದ ಕೂರುತ್ತದೆ. ಕೆಲವು ಮಾದರಿಗಳಲ್ಲಿ ಎಂಜಿನ್ನನ್ನು ಹಿಡಿದಿರುವ ಬೋಲ್ಟನ್ನೇ ಬಿಚ್ಚಿ ಉದ್ದನೆಯದನ್ನು ಹಾಕಬೇಕಾಗುವುದರಿಂದ ಕೈಪಿಡಿಯಲ್ಲಿ ಸೂಚಿಸಿದ ಬಿಗಿತವನ್ನು ಟಾರ್ಕ್ ರೆಂಚಿನಿಂದಲೇ ಕೊಡತಕ್ಕದ್ದು. ಚಾಸಿಸ್‌ಗೆ ಬೆಸುಗೆ ಹಾಕಿಸಿ ಸ್ಟ್ಯಾಂಡು ಕೂರಿಸುವ ಪದ್ಧತಿ ಅಗ್ಗವಾದರೂ ಅನುಚಿತ. ಬೆಸುಗೆಯ ಶಾಖ ಕೊಳವೆಯ ಬಲವನ್ನು ಕುಗ್ಗಿಸುತ್ತದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಂ, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ ಎಂಬುದನ್ನೂ ಚಾಸಿಸ್ ಮುಟ್ಟುವವರು ನೆನಪಿಡಬೇಕು.

ಬಳಕೆ

ಸ್ಟ್ಯಾಂಡು ಹಾಕುವುದು ತೋಳ್ಬಲದ ಕೆಲಸವೆಂಬುದು ತಪ್ಪು ತಿಳಿವಳಿಕೆ. ಬೈಕಿನ ಎಡಕ್ಕೆ ನಿಂತು ಎಡಗೈಯಿಂದ ಹ್ಯಾಂಡಲನ್ನೂ ಬಲಗೈಯಿಂದ ಸೀಟಿನ ಬಳಿಯ ಹಿಡಿಯನ್ನೂ ಹಿಡಿಯಬೇಕು. ಬಲಗಾಲಿನಿಂದ ಮೆಟ್ಟನ್ನು ಮೆಲ್ಲನೆ ಒತ್ತಿ, ಬೈಕನ್ನು ನೆಟ್ಟಗೆ ತಂದರೆ ಸ್ಟ್ಯಾಂಡಿನ ಎರಡೂ ಪಾದಗಳು ನೆಲ ಮುಟ್ಟಿದ್ದು ಅನುಭವಕ್ಕೆ ಬರುತ್ತದೆ. ಅನಂತರ ಇಡೀ ದೇಹದ ಭಾರವನ್ನು ಆ ಕಾಲಿನ ಮೇಲೆ ಹಾಕಿ ನೇರವಾಗಿ ಕೆಳಕ್ಕೆ ಒತ್ತಬೇಕು. ಕೈಗಳು ದಿಕ್ಕು ತೋರಿದರೆ ಸಾಕು. ಒಂದು ಪಾದ ಮಾತ್ರ ನೆಲಕ್ಕೆ ತಾಗಿದ್ದಾಗ ಎಳೆದಾಡಿದರೆ ಬೈಕು ಬಲಕ್ಕೆ ಉರುಳುವ ಸಂಭವವಿದೆ. ಸಾಮಾನು ತುಂಬಿದ್ದರೆ ಹಿಂದಿನ ಟೈರಿನ ಕೆಳಗೆ ತೆಳು ಹಲಗೆಯನ್ನಿಟ್ಟು ಅದರ ಮೇಲೆ ಚಕ್ರವನ್ನು ಏರಿಸಿಕೊಂಡು ಪ್ರಯತ್ನಿಸುವುದು ಸುಲಭ. ಇಳಿಸುವಾಗ ಸೈಡ್ ಸ್ಟ್ಯಾಂಡನ್ನು ಮೊದಲೇ ಬಿಡಿಸಿಟ್ಟು, ಮುಂದಿನ ಬ್ರೇಕಿನ ಮೇಲೆ ಬೆರಳಿರಿಸಿಕೊಂಡು ಬೈಕನ್ನು ಮುಂದಕ್ಕೆ ನೂಕಬೇಕು.

ಇಳಿಜಾರಿನಲ್ಲಿ ಬೈಕಿನ ಮುಖ ಏರಿನ ಕಡೆಗಿರಬೇಕು. ಇಳಿತಕ್ಕೆ ಮುಖ ಮಾಡಿ ನಿಲ್ಲಿಸಿದ ಬೈಕು ತಾನಾಗಿಯೇ ಸ್ಟ್ಯಾಂಡಿನಿಂದ ಜಾರಿ ಉರುಳಬಹುದು. ಇಳಿಜಾರು ಹೆಚ್ಚಿದ್ದರೆ ಗೇರಿನಲ್ಲಿಟ್ಟು ಸೈಡ್ ಸ್ಟ್ಯಾಂಡ್ ಹಾಕುವುದೇ ಕ್ಷೇಮ.

ದೂರಪ್ರಯಾಣದಲ್ಲಿ ಇದರ ಪ್ರಮುಖ ಉಪಯೋಗ ಚೈನಿನ ಆರೈಕೆ. ಚೈನಿಗೆ ಸುಮಾರು 500 ಕಿ.ಮೀ.ಗೊಮ್ಮೆ ಎಣ್ಣೆ ಹಾಕುವುದು ವಾಡಿಕೆ. ಮಳೆಯಲ್ಲಿ ಇನ್ನೂ ಬೇಗ ಬೇಕಾಗುತ್ತದೆ. ಚಕ್ರವನ್ನು ಕೈಯಿಂದಲೇ ತಿರುಗಿಸಬೇಕು. ಎಂಜಿನ್ ಚಾಲೂ ಮಾಡಿ, ಗೇರು ಹಾಕಿ, ತಿರುಗುವ ಚೈನಿಗೆ ಬಟ್ಟೆ ಹಿಡಿಯುವ ಅಭ್ಯಾಸದಿಂದ ಬೆರಳುಗಳನ್ನೇ ಕಳೆದುಕೊಂಡವರಿದ್ದಾರೆ. ಬಟ್ಟೆ ಸಿಕ್ಕಿಕೊಂಡರೆ ಕೈ ಹಿಂದೆಗೆಯಲು ಕ್ಷಣವೂ ಸಿಗದು. ಚೈನಿನ ಸಡಿಲವನ್ನು ಅಳೆಯಬೇಕಾದದ್ದು ಸೈಡ್ ಸ್ಟ್ಯಾಂಡಿನಲ್ಲೋ ಚಕ್ರ ಎತ್ತಿದಾಗಲೋ ಎಂಬುದನ್ನು ಕೈಪಿಡಿಯಲ್ಲಿ ನೋಡಿಕೊಳ್ಳಬೇಕು. ಎರಡು ಸ್ಥಿತಿಗಳಲ್ಲಿ ಅಳತೆ ಬೇರೆಯಾಗುತ್ತದೆ. ಎಂಜಿನ್ ಆಯಿಲ್ ಮಟ್ಟವನ್ನು ನೋಡಲು ಬೈಕು ನೆಟ್ಟಗಿರಬೇಕಾದಲ್ಲಿಯೂ ಸ್ಟ್ಯಾಂಡು ಅನುಕೂಲ.

ಟ್ಯೂಬುಳ್ಳ ಟೈರು ಪಂಕ್ಚರಾದರೆ ಸಾಮಾನ್ಯವಾಗಿ ಚಕ್ರವನ್ನು ಕಳಚಬೇಕಾಗುತ್ತದೆ, ಅಲ್ಲಿ ಸೆಂಟರ್ ಸ್ಟ್ಯಾಂಡಿಗೆ ಸಮನಾದ ನೆರವಿಲ್ಲ. ಟ್ಯೂಬ್‌ಲೆಸ್ ಟೈರಿಗೆ ಚಕ್ರ ಕಳಚದೆಯೇ ತೇಪೆ ಹಾಕಬಹುದಾದರೂ ಮೊಳೆ ಹುಡುಕಲು ಚಕ್ರ ತಿರುಗಿಸಬೇಕಷ್ಟೆ. ಮನೆಯ ಬಳಿಯ ಕೆಲಸಕ್ಕೆ ಮಾತ್ರವಾದರೆ ಹಿಂಬದಿಯನ್ನೆತ್ತುವ ಪ್ಯಾಡಕ್ ಸ್ಟ್ಯಾಂಡು ಸಾಕಾಗುತ್ತದೆ, ಆದರೆ ಅದನ್ನು ಪ್ರಯಾಣದಲ್ಲಿ ಒಯ್ಯಲಾಗದು.

ಮಲೆನಾಡಿನಲ್ಲಿ

1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ತುಮರಿ, ಬ್ಯಾಕೋಡು ಕಡೆಯ ಹಳ್ಳಿಗಳನ್ನು ತಾಲ್ಲೂಕು ಕೇಂದ್ರವಾದ ಸಾಗರದಿಂದ ಬೇರ್ಪಡಿಸಿತು. ದಶಕಗಳ ಕಾಲ ಬೈಕುಗಳೂ ಜನರೊಂದಿಗೆ ಲಾಂಚಿನಲ್ಲಿ ದಾಟಬೇಕಾಗಿತ್ತು. ಇಲ್ಲವಾದರೆ ಸುತ್ತುಬಳಸಿನ ದಾರಿ. 2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಸೇತುವೆ ಉದ್ಘಾಟನೆಯಾದ ಮೇಲೆ ಸಿಗಂದೂರಿಗೂ ಅಲ್ಲಿಂದ ಮುಂದೆ ಕೊಲ್ಲೂರಿಗೂ ಹೋಗುವ ದ್ವಿಚಕ್ರ ಪ್ರಯಾಣಿಕರಿಗೆ ಈ ಮಾರ್ಗ ನೇರವಾಗಿ ತೆರೆದುಕೊಂಡಿತು. ಆದರೂ ಕಾಡಿನ ನಡುವಣ ಹಾದಿಯಲ್ಲಿ ಕೆಟ್ಟು ನಿಂತರೆ ಸವಾರರು ತಮ್ಮ ಉಪಕರಣಗಳನ್ನೇ ನೆಚ್ಚಬೇಕಾಗುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆನೆದ ಕೆಮ್ಮಣ್ಣಿನಲ್ಲಿ ಸ್ಟ್ಯಾಂಡಿನ ಪಾದಗಳು ಹೂತುಹೋಗುತ್ತವೆ. ಎರಡೂ ಪಾದಗಳಿಗೆ ಸಮನಾಗಿ ಆಸರೆಯಾಗುವಂತೆ ಅಡ್ಡಲಾಗಿ ಒಂದೇ ಹಲಗೆಯನ್ನೋ ಚಪ್ಪಟೆ ಕಲ್ಲನ್ನೋ ಇಡುವುದು ಒಳ್ಳೆಯದು. ಒಂದರ ಕೆಳಗೆ ಮಾತ್ರ ಇಟ್ಟರೆ ಬೈಕು ವಾಲುತ್ತದೆ. ಜಂಬಿಟ್ಟಿಗೆ ಹಾಸಿದ ಅಂಗಳದಲ್ಲಿ ಹೂಳುವ ಭಯವಿಲ್ಲವಾದರೂ ಪಾಚಿ ಕಟ್ಟಿದ್ದರೆ ಸವಾರನ ಕಾಲೇ ಜಾರಬಹುದು. ಮಳೆಗಾಲಕ್ಕೆ ಮುನ್ನ ತಿರುಗುಬೋಲ್ಟು ಮತ್ತು ಬುಶ್‌ಗಳಿಗೆ ಗ್ರೀಸ್ ಹಾಕಿ, ಬಣ್ಣ ಕಿತ್ತ ಜಾಗದ ತುಕ್ಕನ್ನು ಉಜ್ಜಿ ತೆಗೆಯಬೇಕು. ಕೆಸರು ಒಣಗಿ ಗಟ್ಟಿಯಾದ ಸ್ಟ್ಯಾಂಡು ಪೂರ್ತಿ ಮಡಚದೆ ಅರ್ಧಕ್ಕೇ ನಿಲ್ಲುವುದರಿಂದ ಹೊರಡುವ ಮುನ್ನ ಒಮ್ಮೆ ಬಗ್ಗಿ ನೋಡುವುದು ಅಗತ್ಯ.

ಶರಾವತಿ ಹಿನ್ನೀರಿನ ಮುಪ್ಪಾನೆ, ಹಸಿರುಮಕ್ಕಿ ಕಡವುಗಳಲ್ಲಿಯೂ ಲಾಂಚ್ ಸೇವೆ ನಡೆದುಬಂದಿದೆ. ಲಾಂಚಿನಲ್ಲಿ ಸೆಂಟರ್ ಸ್ಟ್ಯಾಂಡ್ ಬಳಸುವುದು ತರವಲ್ಲ. ಲಾಂಚು ದಡಕ್ಕೆ ತಾಗಿ ತಟ್ಟನೆ ನಿಂತಾಗ ಮುಂದಕ್ಕೆ ಮುಖ ಮಾಡಿದ ಬೈಕು ಸ್ಟ್ಯಾಂಡಿನಿಂದ ಮುಂದಕ್ಕೆ ಹಾರಿ ಪಕ್ಕದ ವಾಹನದ ಮೇಲೋ ಜನರ ಮೇಲೋ ಬೀಳಬಹುದು. ಗೇರಿನಲ್ಲಿಟ್ಟು ಸೈಡ್ ಸ್ಟ್ಯಾಂಡ್ ಹಾಕಿ, ದಡ ಸೇರುವವರೆಗೆ ಸವಾರನು ಬೈಕಿನ ಪಕ್ಕದಲ್ಲೇ ಹ್ಯಾಂಡಲ್ ಹಿಡಿದು ನಿಲ್ಲುವುದು ಸರಿಯಾದ ಕ್ರಮ.