ಗ್ರಾಫಿಕ್ಸ್ ಡ್ರೈವರ್‌ನ ಮೆಮೊರಿ ಲೆಕ್ಕ ಮತ್ತು ಅದರ ಪರಿಶೀಲನೆ

ಯಾವ ಪ್ರೋಗ್ರಾಂ ಗ್ರಾಫಿಕ್ಸ್ ಕೆಲಸಕ್ಕೆಂದು ಎಷ್ಟು ಮೆಮೊರಿ ಹಿಡಿದಿಟ್ಟುಕೊಂಡಿದೆ ಎಂಬ ಲೆಕ್ಕವನ್ನು ಡ್ರೈವರ್ ಹೊರಗೆ ತೋರಿಸುವ ಏರ್ಪಾಡು, ಮತ್ತು ಆ ಲೆಕ್ಕದಲ್ಲಿ ಬದಲಾವಣೆ ಮಾಡುವ ಕೋಡನ್ನು ಸೇರಿಸುವ ಮುನ್ನ ಪರೀಕ್ಷಿಸುವ ಕ್ರಮ. ಲಿನಕ್ಸ್ ಕರ್ನೆಲ್‌ನಲ್ಲಿ ಇದು ಡಿಆರ್‌ಎಂ ಎಂಬ ಗ್ರಾಫಿಕ್ಸ್ ಉಪವ್ಯವಸ್ಥೆಗೆ ಸೇರಿದ ವಿಷಯ. ಇಲ್ಲಿ ಪರಿಶೀಲಕನ ಮುಂದೆ ಬರುವ ಕೋಡು ಸಾಮಾನ್ಯವಾಗಿ ಬರೀ ಕೂಡುವ ಲೆಕ್ಕ. ತಕರಾರು ಹುಟ್ಟುವುದು ಏನನ್ನು ಕೂಡಬೇಕು ಎಂಬಲ್ಲಿ.

ಭದ್ರಾವತಿಯ ಓಲ್ಡ್ ಟೌನ್‌ನಲ್ಲೋ ಶಿವಮೊಗ್ಗದ ಗಾಂಧಿ ಬಜಾರಿನಲ್ಲೋ ಡಿಟಿಪಿ ಕೆಲಸಕ್ಕೆ ಇಟ್ಟುಕೊಳ್ಳುವಂಥ ಸಾಧಾರಣ ಲ್ಯಾಪ್‌ಟಾಪ್‌ನಲ್ಲಿ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರುವುದಿಲ್ಲ. ಪ್ರೊಸೆಸರ್ ಜೊತೆಗೇ ಬರುವ ಗ್ರಾಫಿಕ್ಸ್ ಚಿಪ್ಪು ಅದೇ ರ‍್ಯಾಮ್‌ನಿಂದ ತನ್ನ ಪಾಲು ತೆಗೆದುಕೊಳ್ಳುತ್ತದೆ. 8 ಜಿಬಿ ಎಂದು ಕೊಂಡದ್ದು ಪರದೆಯ ಮೇಲೆ ಎಂಟಕ್ಕಿಂತ ಕಡಿಮೆ ಕಾಣಲು ಒಂದು ಕಾರಣ, ಬೂಟ್ ಆಗುವಾಗಲೇ ಗ್ರಾಫಿಕ್ಸ್‌ಗೆಂದು ಎತ್ತಿಟ್ಟ ಭಾಗ. ಆದರೆ ದೊಡ್ಡ ಪಾಲು ಆಮೇಲೆ, ಪ್ರೋಗ್ರಾಂಗಳು ಚಿತ್ರ, ಅಕ್ಷರ, ವಿಂಡೋಗಳಿಗೆ ಬಫರ್ ಕೇಳಿದಂತೆಲ್ಲ ಹೋಗುತ್ತದೆ. ಈ ಬಫರ್‌ಗಳನ್ನು ಪ್ರೋಗ್ರಾಂ ತನ್ನ ವಿಳಾಸ ವಲಯಕ್ಕೆ ಮ್ಯಾಪ್ ಮಾಡಿಕೊಳ್ಳದಿದ್ದರೆ ಅವು, ಯಾರು ಎಷ್ಟು ಮೆಮೊರಿ ಬಳಸುತ್ತಿದ್ದಾರೆಂದು ಪಟ್ಟಿ ಮಾಡುವ ‘ಟಾಪ್’ ಉಪಕರಣ ತೋರಿಸುವ ಆ ಪ್ರೋಗ್ರಾಂನ ಲೆಕ್ಕಕ್ಕೆ ಬರುವುದೇ ಇಲ್ಲ. ರ‍್ಯಾಮ್ ತುಂಬಿದೆ, ತಿಂದವರು ಯಾರೆಂದು ಗೊತ್ತಿಲ್ಲ ಎನ್ನುವ ಸ್ಥಿತಿ ಬಹುಕಾಲ ಹೀಗೇ ಇತ್ತು.

ಕರ್ನೆಲ್‌ನ 2022ರ 5.19 ಆವೃತ್ತಿಯಲ್ಲಿ ಇದಕ್ಕೊಂದು ಸಮಾನ ನಮೂನೆ ಬಂತು. ಲಿನಕ್ಸ್‌ನಲ್ಲಿ ಪ್ರತಿ ಪ್ರಕ್ರಿಯೆಯ ತೆರೆದ ಫೈಲುಗಳ ವಿವರ ‘ಪ್ರಾಕ್’ ಕೋಶದ ‘ಎಫ್‌ಡಿಇನ್ಫೋ’ದಲ್ಲಿ ಸಿಗುತ್ತದೆ, ಗ್ರಾಫಿಕ್ಸ್ ಸಾಧನವೂ ಒಂದು ಫೈಲೇ ಆದ್ದರಿಂದ ಅದರ ಬಳಕೆಯ ವಿವರವನ್ನೂ ಅಲ್ಲೇ ಸಾಲುಸಾಲಾಗಿ ಬರೆಯುವ ಕ್ರಮವನ್ನು ದಾಖಲೆ ಸಮೇತ ಗೊತ್ತುಪಡಿಸಲಾಯಿತು. ಮರುವರ್ಷ 6.5ರಲ್ಲಿ ಮೆಮೊರಿಗೆ ಎಲ್ಲ ಡ್ರೈವರ್‌ಗಳೂ ಬಳಸಬಹುದಾದ ಸಾಮಾನ್ಯ ಹೆಲ್ಪರ್ (ಸಹಾಯಕ ಫಂಕ್ಷನ್) ಸೇರಿತು. ಎನ್‌ವಿಟಾಪ್, ಇಂಟೆಲ್‌ನ ಜಿಪಿಯುಟಾಪ್‌ನಂಥ ಉಪಕರಣಗಳು ಓದುವುದು ಈ ಸಾಲುಗಳನ್ನೇ.

ಸಾಲುಗಳಲ್ಲಿ ಮುಖ್ಯವಾದವು ಐದು. ‘ಟೋಟಲ್’ ಎಂದರೆ ಸೃಷ್ಟಿಸಿದ ಎಲ್ಲ ಬಫರ್‌ಗಳ ಗಾತ್ರ. ಅವುಗಳ ಹಿಂದೆ ನಿಜವಾದ ಮೆಮೊರಿ ಇನ್ನೂ ಒದಗದಿದ್ದರೂ ಸರಿ. ‘ರೆಸಿಡೆಂಟ್’ ಎಂದರೆ ನಿಜಕ್ಕೂ ಮೆಮೊರಿ ಹಿಡಿದಿರುವುದು. ‘ಪರ್ಜೆಬಲ್’ ಎಂದರೆ ಅದರಲ್ಲಿ ಅಗತ್ಯ ಬಿದ್ದರೆ ಎಸೆಯಬಹುದಾದದ್ದು. ‘ಆಕ್ಟಿವ್’ ಎಂದರೆ ಚಿಪ್ಪು ಈಗ ಕೆಲಸಕ್ಕೆ ಹಚ್ಚಿಕೊಂಡಿರುವುದು. ಐದನೆಯದಾದ ‘ಶೇರ್ಡ್’ ಸ್ವಲ್ಪ ತೊಡಕಿನದು. ಬ್ರೌಸರ್ ಚಿತ್ರಿಸಿದ ಬಫರನ್ನೇ ವಿಂಡೋ ಜೋಡಿಸುವ ಕಾಂಪೋಸಿಟರ್ ತೆಗೆದುಕೊಂಡು ಪರದೆಗೆ ಕಳಿಸುತ್ತದೆ, ಹಾಗಾಗಿ ಅದು ಇಬ್ಬರ ಲೆಕ್ಕದಲ್ಲೂ ಪೂರ್ತಿ ಗಾತ್ರದಲ್ಲಿ ಕಾಣುತ್ತದೆ. ಅಣ್ಣತಮ್ಮಂದಿರ ಜಂಟಿ ಖಾತೆಯ ಅಡಿಕೆ ತೋಟವನ್ನು ಇಬ್ಬರೂ ತಮ್ಮ ತಮ್ಮ ಆಸ್ತಿಪಟ್ಟಿಯಲ್ಲಿ ಪೂರ್ತಿ ಬರೆದುಕೊಂಡ ಹಾಗೆ. ಪಟ್ಟಿಗಳನ್ನು ಕೂಡಿದರೆ ಊರಿನಲ್ಲಿ ಇಲ್ಲದ ಜಮೀನು ಹುಟ್ಟುತ್ತದೆ. ಇನ್ನೊಂದು ತೊಡಕು, ಒಂದೇ ತೆರೆದ ಫೈಲಿಗೆ ಹಲವು ನಕಲು ಹಿಡಿಕೆಗಳಿರಬಹುದು. ಅದಕ್ಕೆಂದೇ ಪ್ರತಿ ತೆರೆಯುವಿಕೆಗೂ ಒಂದು ಕ್ಲೈಂಟ್ ಸಂಖ್ಯೆ ಇದೆ. ಉಪಕರಣಗಳು ಅದನ್ನು ನೋಡಿ ಮರುಎಣಿಕೆ ತಪ್ಪಿಸಬೇಕು.

‘ಶೇರ್ಡ್’ ಎಂದು ಎಣಿಸುವ ನಿಯಮವೂ ಬದಲಾಗಿದೆ. ಮೊದಲು ಒಂದು ಬಫರ್‌ಗೆ ಒಂದಕ್ಕಿಂತ ಹೆಚ್ಚು ಹ್ಯಾಂಡಲ್ (ಪ್ರೋಗ್ರಾಂ ಬಫರನ್ನು ಗುರುತಿಸುವ ಸಂಖ್ಯೆ) ಇದ್ದರಷ್ಟೇ ಅದು ‘ಶೇರ್ಡ್’. ವಿಡಿಯೋ ಹಿಡಿಯುವ ಸಾಧನದಂಥ ಬೇರೆ ಉಪವ್ಯವಸ್ಥೆಗೆ, ಬಫರ್ ಹಂಚಿಕೊಳ್ಳಲೆಂದೇ ಇರುವ ಡಿಎಂಎ-ಬಫ್ ಮೂಲಕ ಕೊಟ್ಟ ಬಫರ್‌ಗೆ ಗ್ರಾಫಿಕ್ಸ್ ಕಡೆ ಹ್ಯಾಂಡಲ್ ಒಂದೇ, ಹಾಗಾಗಿ ಅದು ಖಾಸಗಿ ಎಂದೇ ನಮೂದಾಗುತ್ತಿತ್ತು. ಮುಂದೆ ಅದನ್ನೂ ಹಂಚಿದ್ದೆಂದು ಎಣಿಸುವ ಸಣ್ಣ ಹೆಲ್ಪರ್ ಬಂತು. ಬದಲಾದದ್ದು ಒಂದು ಷರತ್ತು ಮಾತ್ರ, ಆದರೂ ಅಂದಿನಿಂದ ಅದೇ ಯಂತ್ರದಲ್ಲಿ ಅದೇ ಪ್ರೋಗ್ರಾಂನ ಅಂಕಿ ಬೇರೆಯಾಗಬಹುದು.

ಅಂಕಿಯನ್ನು ಅಚ್ಚು ಹಾಕುವ ರೀತಿಗೂ ಇದೇ ಎಚ್ಚರ ಬೇಕು. ಮೊದಲ ಹೆಲ್ಪರ್ ಗಾತ್ರವು 1024 ದಾಟಿದೊಡನೆ ಮೇಲಿನ ಮಾನಕ್ಕೆ ಏರುತ್ತಿತ್ತು, ಭಾಗಾಕಾರದ ಶೇಷ ಬಿದ್ದುಹೋಗುತ್ತಿತ್ತು. 1900 ಕಿಬಿಬೈಟ್ ಬಳಸಿದ ಪ್ರೋಗ್ರಾಂ 1 ಮೆಬಿಬೈಟ್ ಎಂದು ಕಾಣುತ್ತಿತ್ತು. ಹತ್ತಿರ ಹತ್ತಿರ ಅರ್ಧ ಮಾಯ. ಕಡಿಮೆ ಮೆಮೊರಿಯ ಸಾಧನಗಳಲ್ಲಿ ಇದು ನಗಣ್ಯವಲ್ಲ. 2023ರ ತಿದ್ದುಪಡಿಯ ನಂತರ, ಶೇಷ ಉಳಿಯುವುದಾದರೆ ಸಂಖ್ಯೆ ಆ ಮಿತಿಯ ನೂರು ಪಟ್ಟು ಮುಟ್ಟುವವರೆಗೆ ಕೆಳಗಿನ ಮಾನದಲ್ಲೇ ಉಳಿಯುತ್ತದೆ. ಹಾಗಾಗಿ ಈಗ 1900 ಎಂದೇ ಬರುತ್ತದೆ.

ಪರಿಶೀಲನೆ ಏಕೆ ಬೇಕು ಎಂಬುದಕ್ಕೆ ಎಎಂಡಿ ಡ್ರೈವರ್‌ನ ಇತಿಹಾಸದಷ್ಟು ಒಳ್ಳೆಯ ಪಾಠ ಇನ್ನೊಂದಿಲ್ಲ. ಆ ಡ್ರೈವರ್‌ಗೆ ‘ಮೆಮೊರಿ’ ಎಂಬ ಹಳೆಯ ಸಾಲೊಂದಿತ್ತು. ಅದರ ಅರ್ಥ ರೆಸಿಡೆಂಟ್ ಬಳಕೆ ಎಂದು ದಾಖಲೆಯಲ್ಲೂ ಇತ್ತು. ಕೋಡನ್ನು ಸಾಮಾನ್ಯ ಹೆಲ್ಪರ್‌ಗೆ ಹೊಂದಿಸುವಾಗ, ವಿಡಿಯೋ ಮೆಮೊರಿಯಿಂದ ಹೊರಗೆ ತಳ್ಳಿದ ಬಫರ್‌ಗಳೂ ಗೊತ್ತಾಗದೆ ಅದರೊಳಗೆ ಸೇರಿಕೊಂಡವು. ಏನೂ ಕ್ರ್ಯಾಶ್ ಆಗಲಿಲ್ಲ, ಕಂಪೈಲರ್ ಗೊಣಗಲಿಲ್ಲ, ಸಾಲಿನ ಹೆಸರೂ ಅದೇ. ಬೇರೊಂದು ತಿದ್ದುಪಡಿಯಲ್ಲಿ ಹಳೆಯ ಅರ್ಥವನ್ನು ಮರಳಿ ತರಬೇಕಾಯಿತು. ಸಾಲಿನ ಹೆಸರು ಉಳಿದು ಅರ್ಥ ಮಾತ್ರ ಬದಲಾಗುವುದು ಈ ಬಗೆಯ ಕೋಡಿನ ಅತ್ಯಂತ ಕೆಟ್ಟ ದೋಷ ಎನ್ನಬೇಕು. ಟೆಸ್ಟ್‌ಗಳು ಅದನ್ನು ಹಿಡಿಯುವುದು ಅಪರೂಪ; ದಾಖಲೆಯನ್ನು ಪಕ್ಕದಲ್ಲಿಟ್ಟುಕೊಂಡು ಓದುವ ಮನುಷ್ಯ ಹಿಡಿಯಬೇಕು.

ಇನ್ನು, ಒಂದೇ ಪಟ್ಟಿಯನ್ನು ಇಬ್ಬರು ಏಕಕಾಲಕ್ಕೆ ಮುಟ್ಟದಂತೆ ತಡೆಯುವ ಲಾಕ್‌ಗಳ ಸಂಗತಿ. ಒಬ್ಬ ಕ್ಲೈಂಟ್‌ನ ಬಫರ್‌ಗಳನ್ನು ಎಣಿಸಲು ಅವನ ಬಫರ್ ಪಟ್ಟಿಯ ಸ್ಪಿನ್‌ಲಾಕ್ ಹಿಡಿಯಬೇಕು, ಅದನ್ನು ಹಿಡಿದಿರುವಾಗ ಕೋಡು ಎಲ್ಲೂ ನಿದ್ರಿಸುವಂತಿಲ್ಲ. ಇಂಟೆಲ್‌ನ ಹೊಸ ‘ಎಕ್ಸ್‌ಇ’ ಡ್ರೈವರ್‌ನಲ್ಲಿ ಒಂದು ಬಫರಿನ ಎಣಿಕೆ ಮುಗಿಸಿ, ಲಾಕ್ ಇನ್ನೂ ಕೈಯಲ್ಲಿರುವಾಗಲೇ ಅದರ ಮೇಲಿನ ಹಿಡಿತ (ರೆಫರೆನ್ಸ್) ಬಿಡುವಾಗ, ಅದೇ ಕೊನೆಯ ಹಿಡಿತವಾಗಿದ್ದರೆ ಬಫರ್ ಅಲ್ಲೇ ನಾಶವಾಗಲು ಹೊರಡುತ್ತಿತ್ತು. ನಾಶಪಡಿಸುವ ಕೋಡಿಗೆ ಅದೇ ಸ್ಪಿನ್‌ಲಾಕ್ ಬೇಕು, ಜೊತೆಗೆ ನಿದ್ರಿಸುವ ಲಾಕ್‌ಗಳೂ ಬೇಕು. ಬರೀ ಅಂಕಿ ಓದಲು ಹೋದವರಿಂದ ಯಂತ್ರ ನಿಂತುಹೋಗುವ ಅಪಾಯವಿತ್ತು. 2024ರಲ್ಲಿ ಹಿಡಿತ ಬಿಡುವುದನ್ನು ಮುಂದೂಡಿ, ನಾಶದ ಕೆಲಸವನ್ನು ಲಾಕ್‌ನಿಂದ ಹೊರಗೆ ತಂದು ಇದನ್ನು ಸರಿಪಡಿಸಲಾಯಿತು.

ಈ ಡ್ರೈವರ್‌ಗಳ ಹಿಂದಿರುವ ಕಂಪನಿಗಳು ಕರ್ನಾಟಕಕ್ಕೆ ಅಪರಿಚಿತವಲ್ಲ. ಇಂಟೆಲ್, ಕ್ವಾಲ್ಕಾಮ್, ಎನ್ವಿಡಿಯಾ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕೇಂದ್ರ ನಡೆಸುತ್ತವೆ. ಎಎಂಡಿ 2023ರ ನವೆಂಬರಿನಲ್ಲಿ ಅಲ್ಲಿ ತೆರೆದ ಟೆಕ್ನೋಸ್ಟಾರ್ ಆವರಣವನ್ನು ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವೆಂದು ಕರೆಯಿತು. ಆದರೆ ಕರ್ನೆಲ್‌ಗೆ ಕೋಡು ಸೇರುವುದು ಕಂಪನಿಯ ಹೆಸರಿನ ಮೇಲಲ್ಲ. ಬದಲಾವಣೆಯನ್ನು ಓದಿದವರು ‘ರಿವ್ಯೂಡ್-ಬೈ’ ಎಂದು ತಮ್ಮ ಹೆಸರು ಹಾಕುತ್ತಾರೆ, ಆ ಗುರುತು ಕೋಡಿನ ಇತಿಹಾಸದಲ್ಲಿ ಶಾಶ್ವತವಾಗಿ ಉಳಿಯುತ್ತದೆ.

ಎಣಿಕೆಗೆ ತಗಲುವ ಸಮಯವೂ ಪರಿಶೀಲನೆಯ ವಿಷಯವೇ. ಎಎಂಡಿ ಡ್ರೈವರ್ ಪ್ರತಿ ಸಲ ಕೇಳಿದಾಗಲೂ ಎಲ್ಲ ಬಫರ್‌ಗಳನ್ನು ಲಾಕ್ ಮಾಡುತ್ತ ಮೊದಲಿನಿಂದ ಕೂಡುತ್ತಿತ್ತು. ಬಫರ್‌ಗಳು ಹೇರಳವಾಗಿದ್ದು, ಮೇಲುಸ್ತುವಾರಿ ಉಪಕರಣ ಪದೇಪದೇ ಓದಿದರೆ ವೇಗ ಕುಸಿಯುತ್ತಿತ್ತು. ಬದಲಿಗೆ ಬಫರಿನ ಸ್ಥಿತಿ ಬದಲಾದಾಗಲೆಲ್ಲ ಕೂಡಿ ಕಳೆದು ಚಾಲ್ತಿ ಲೆಕ್ಕ ಇಡುವ ವ್ಯವಸ್ಥೆ ಬಂತು. ಓದುವುದು ಹಗುರವಾಯಿತು, ಆದರೆ ಹೊರೆ ಬೇರೆ ಕಡೆ ಬಿತ್ತು: ಕೋಡಿನ ಯಾವುದೋ ಒಂದು ದಾರಿಯಲ್ಲಿ ಕಳೆಯುವುದನ್ನು ಮರೆತರೆ ತಪ್ಪು ಆ ಪ್ರಕ್ರಿಯೆ ಇರುವಷ್ಟು ಕಾಲವೂ ಉಳಿಯುತ್ತದೆ, ಮೊದಲಿನಿಂದ ಕೂಡುವ ಹಳೆಯ ಪದ್ಧತಿಯಲ್ಲಾದರೆ ಮುಂದಿನ ಓದಿನಲ್ಲೇ ಸರಿಹೋಗುತ್ತಿತ್ತು. ಹೀಗಾಗಿ ಗ್ರಾಫಿಕ್ಸ್ ವಿಳಾಸ ವಲಯವನ್ನು ಮುಚ್ಚುವ ಹೊತ್ತಿಗೆ ಎಲ್ಲ ಅಂಕಿಗಳೂ ಸೊನ್ನೆಯಾಗಿವೆಯೇ ಎಂದು ಡ್ರೈವರ್ ಪರೀಕ್ಷಿಸಿಕೊಳ್ಳುತ್ತದೆ, ಆಗಿಲ್ಲವೆಂದರೆ ಪ್ರಕ್ರಿಯೆಯ ಹೆಸರು ಸಮೇತ ಕರ್ನೆಲ್ ಲಾಗ್‌ನಲ್ಲಿ ದೂರು ಬರೆದಿಡುತ್ತದೆ.