ಹಳೆಯ ತಂತ್ರಾಂಶಗಳ ಪುನಃಪ್ರವೇಶ

ಗಣಕಯಂತ್ರದ ಸಕಲ ಕಾರ್ಯಗಳಿಗೂ ಆಧಾರಭೂತವಾದ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಮ್ ಎಂದು ಹೆಸರು. ಅದನ್ನು ನವೀಕರಿಸಿದ ಬಳಿಕ, ನಿನ್ನೆಯವರೆಗೂ ನಡೆಯುತ್ತಿದ್ದ ಹಳೆಯ ತಂತ್ರಾಂಶವನ್ನು ಪುನಃ ಸ್ಥಾಪಿಸಹೋದರೆ ದೋಷಸೂಚನೆಯೊಂದು ಮೂಡಿ ಕೆಲಸವು ನಿಂತುಹೋಗುವುದುಂಟು. ಹಳೆಯದು ಕೆಟ್ಟಿತೆಂದು ಬಗೆದು ಜನರು ಅದನ್ನು ಕೈಬಿಡುವರು. ಆದರೆ ವಿಂಡೋಸ್ ವ್ಯವಸ್ಥೆಯ ಚರಿತ್ರೆಯನ್ನು ಪರಿಶೀಲಿಸಿದರೆ, ಅನೇಕ ವೇಳೆ ದೋಷವಿರುವುದು ಮನೆಯೊಳಗಲ್ಲ, ಬಾಗಿಲಲ್ಲಿ ಎಂಬುದು ವಿಶದವಾಗುವುದು.

1992ನೆಯ ಇಸವಿಯಲ್ಲಿ ವಿಂಡೋಸ್ 3.1 ಬಳಕೆಗೆ ಬಂದಿತು. ಆ ಕಾಲದ ಅನೇಕ ತಂತ್ರಾಂಶಗಳು, ತಾವು ಕಾಲಿಟ್ಟಿರುವ ವ್ಯವಸ್ಥೆಯು 3.10ನೆಯ ಆವೃತ್ತಿಯೋ ಅದಕ್ಕಿಂತ ಈಚಿನದೋ ಎಂದು ಮೊದಲು ವಿಚಾರಿಸುತ್ತಿದ್ದವು. ವಿಚಾರಿಸುವ ಕ್ರಮವು ಮಾತ್ರ ಸರಿಯಾಗಿರಲಿಲ್ಲ. ಬಿಂದುವಿನ ಎಡಗಡೆಯ ಸಂಖ್ಯೆಯು 3ಕ್ಕಿಂತ ಕಡಮೆಯೇ, ಬಲಗಡೆಯದು 10ಕ್ಕಿಂತ ಕಡಮೆಯೇ ಎಂದು ಬೇರೆಬೇರೆಯಾಗಿ ನೋಡಿ, ಎರಡರಲ್ಲೊಂದು ನಿಜವಾದರೂ ಅವು ಮುಂದುವರಿಯಲು ನಿರಾಕರಿಸುತ್ತಿದ್ದವು. 1995ರ ಆಗಸ್ಟ್ 24ರಂದು ಹೊರಬಂದ ವಿಂಡೋಸ್ 95ರ ನಿಜವಾದ ಆವೃತ್ತಿಸಂಖ್ಯೆ 4.0. ಬಲಗಡೆಯ ಸೊನ್ನೆಯು ಹತ್ತಕ್ಕಿಂತ ಕಡಮೆಯಷ್ಟೆ! ಹೀಗೆ ಹೊಸದನ್ನೇ ಹಳೆಯದೆಂದು ತಿರಸ್ಕರಿಸುವ ಪ್ರಸಂಗವು ಒದಗಿತು. ಇದರ ಪರಿಹಾರಾರ್ಥವಾಗಿ, ಹಳೆಯ ತಂತ್ರಾಂಶಗಳು ಕೇಳಿದಾಗ ವಿಂಡೋಸ್ 95 ತನ್ನ ಸಂಖ್ಯೆಯನ್ನು 3.95 ಎಂದು ಹೇಳುವಂತೆ ಏರ್ಪಡಿಸಲಾಯಿತು. 2009ರ ವಿಂಡೋಸ್ 7ಕ್ಕೆ ಒಳಗಣ ಸಂಖ್ಯೆಯು 6.1 ಎಂದೇ ಉಳಿದುದಕ್ಕೂ ಇಂತಹ ಎಚ್ಚರಿಕೆಯೇ ಕಾರಣ.

ಎರಡನೆಯ ತೊಡಕು ಸ್ಥಾಪಿಸುವ ಸಾಧನದಲ್ಲಿಯೇ ಇದ್ದಿತು. ಎಷ್ಟೋ ತಂತ್ರಾಂಶಗಳು ತಾವು 32 ಬಿಟ್‌ನವಾಗಿದ್ದರೂ ಅವುಗಳ ಸೆಟಪ್ ಮಾತ್ರ 16 ಬಿಟ್‌ನದು. 64 ಬಿಟ್‌ನ ವಿಂಡೋಸ್ ಮೊದಲನೆಯದನ್ನು ನಡೆಸಬಲ್ಲುದು, ಎರಡನೆಯದನ್ನು ನಡೆಸಲಾರದು. ಮನೆಯು ಸುಭದ್ರವಾಗಿದ್ದರೂ ದ್ವಾರಪಾಲಕನು ಇಲ್ಲದಂತಾಯಿತು. ಬಹುಬಳಕೆಯ ಕೆಲವು ಸೆಟಪ್‌ಗಳನ್ನು ಗುರುತಿಸಿ, ಅವುಗಳ ಸ್ಥಾನದಲ್ಲಿ 32 ಬಿಟ್‌ನವನ್ನು ನಿಯೋಗಿಸುವ ಉಪಾಯವನ್ನು ನಿರ್ಮಾತೃಗಳು ಕೈಕೊಂಡರು.

ಮೂರನೆಯದು ಅಧಿಕಾರದ ಪ್ರಶ್ನೆ. ಹಳೆಯ ತಂತ್ರಾಂಶಗಳು ವ್ಯವಸ್ಥೆಗೆ ಮೀಸಲಾದ ಕಡತಕೋಶಗಳಲ್ಲಿಯೂ ನಿಸ್ಸಂಕೋಚವಾಗಿ ಬರೆಯುತ್ತಿದ್ದವು. 2007ರಲ್ಲಿ ಜನರ ಕೈಸೇರಿದ ವಿಂಡೋಸ್ ವಿಸ್ಟಾ ಇದಕ್ಕೆ ತಡೆಯೊಡ್ಡಿತು. ಆದರೂ ಹಳೆಯವು ಒಡನೆಯೇ ಸೋಲಬಾರದೆಂದು, ಅಂತಹ ಬರಹವನ್ನು ಬಳಕೆದಾರನ ಸ್ವಂತ ಕೋಶಕ್ಕೆ ಸದ್ದಿಲ್ಲದೆ ತಿರುಗಿಸುವ ವ್ಯವಸ್ಥೆಯನ್ನೂ ಅದರಲ್ಲಿಯೇ ಅಳವಡಿಸಲಾಯಿತು.

ವ್ಯಾಕರಣಶಾಸ್ತ್ರದಲ್ಲಿ ಸಾಮಾನ್ಯ ನಿಯಮಕ್ಕೆ ಉತ್ಸರ್ಗವೆಂದೂ ವಿಶೇಷ ನಿಯಮಕ್ಕೆ ಅಪವಾದವೆಂದೂ ಹೆಸರು. ಮೇಲ್ಕಂಡ ಪರಿಹಾರಗಳೆಲ್ಲವೂ ಅಪವಾದಗಳೇ. ಅಪವಾದಗಳು ಬೆಳೆದಷ್ಟೂ ಶಾಸ್ತ್ರವು ಭಾರವಾಗುವುದು ಸಹಜ. ಆ ಭಾರವನ್ನು ಒಲ್ಲದವರೂ ಉಂಟು. ಆಪಲ್ ಸಂಸ್ಥೆಯು 2019ರ ಮ್ಯಾಕ್‌ಓಎಸ್ ಕ್ಯಾಟಲಿನಾದಲ್ಲಿ 32 ಬಿಟ್‌ನ ತಂತ್ರಾಂಶಗಳನ್ನು ಒಮ್ಮೆಗೇ ನಿಲ್ಲಿಸಿತು. ವ್ಯವಸ್ಥೆಯು ಹಗುರವಾಯಿತು, ಆದರೆ ಹೊಸ ಆವೃತ್ತಿ ದೊರೆಯದ ಹಳೆಯ ತಂತ್ರಾಂಶಗಳು ಅಲ್ಲಿ ನಿರುಪಯುಕ್ತವಾದವು.

ಇದರಲ್ಲಿ ಹೋಗುವುದು ಯಂತ್ರದ ವಿಷಯವೊಂದೇ ಅಲ್ಲ. ಕೆಲವು ತಂತ್ರಾಂಶಗಳಲ್ಲಿ ಬರೆದಿಟ್ಟ ಲೆಕ್ಕಪತ್ರಗಳನ್ನೂ ಗ್ರಂಥಗಳ ಕರಡುಗಳನ್ನೂ ಅದೇ ತಂತ್ರಾಂಶವಿಲ್ಲದೆ ಸರಿಯಾಗಿ ಓದಲಾಗದು. ಲಿಪಿಯನ್ನು ಬಲ್ಲವರಿಲ್ಲದ ತಾಳೆಯೋಲೆಯ ಗತಿಯೇ ಅವುಗಳದೂ ಆದೀತು. ಆದುದರಿಂದ ದೋಷಸೂಚನೆಯು ಬಂದಾಗ ಮೊದಲು ಅದನ್ನು ಪೂರ್ತಿಯಾಗಿ ಓದಬೇಕು. ಅನಂತರ 2001ರ ವಿಂಡೋಸ್ ಎಕ್ಸ್‌ಪಿಯಿಂದ ದೊರೆತ ಕಂಪ್ಯಾಟಿಬಿಲಿಟಿ ಎಂಬ ಏರ್ಪಾಡಿನಲ್ಲಿ ಹಿಂದಿನ ಆವೃತ್ತಿಯನ್ನು ಆರಿಸಿ ನೋಡಬೇಕು. ಅದೂ ಫಲಿಸದಿದ್ದರೆ ವರ್ಚುವಲ್ ಮೆಷೀನಿನಲ್ಲಿ ಹಳೆಯ ವಿಂಡೋಸನ್ನೇ ನೆಲೆಗೊಳಿಸಿ ಅದರೊಳಗೆ ತಂತ್ರಾಂಶವನ್ನು ಸ್ಥಾಪಿಸಬೇಕು. ಬಾಗಿಲು ತೆರೆಯಲಿಲ್ಲವೆಂದ ಮಾತ್ರಕ್ಕೆ ಮನೆಯು ಬರಿದೆಂದು ತಿಳಿಯುವುದು ಯುಕ್ತವಲ್ಲ.