ಬೋಗುಣಿಯ ನೀರು

ವಿನಯವೆಂಬುದು ಮನಸ್ಸಿನ ಗುಣವೆಂದು ನಾವು ಸಾಮಾನ್ಯವಾಗಿ ಹೇಳುತ್ತೇವೆ. ಕ್ರೈಸ್ತ ಧರ್ಮದ ಚರಿತ್ರೆಯನ್ನು ಓದುವಾಗಲಾದರೋ, ಅಲ್ಲಿ ಅದು ಮನಸ್ಸಿಗಿಂತ ಮೊದಲು ಕೈಗೆ ಸೇರಿದ್ದೆಂದು ನನಗೆ ತೋರಿದೆ. ಆ ಕೈಯಲ್ಲಿ ಇರುವುದು ಒಂದು ಬೋಗುಣಿ ನೀರು, ಒಂದು ತುಂಡು ಬಟ್ಟೆ. ಇವೆರಡರ ಕಥೆಯನ್ನು ತಮ್ಮ ಮುಂದಿಡಬೇಕೆಂದಿದ್ದೇನೆ.

ಯೋಹಾನನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ ಈ ಪ್ರಸಂಗ ಬರುತ್ತದೆ. ಮರುದಿನ ಶಿಲುಬೆಗೇರಬೇಕಾದ ಯೇಸು ರಾತ್ರಿಯ ಊಟದ ನಡುವೆ ಎದ್ದು, ಮೇಲುಡುಗೆಯನ್ನು ತೆಗೆದಿಟ್ಟು, ನಡುವಿಗೆ ವಸ್ತ್ರ ಸುತ್ತಿಕೊಂಡು, ಶಿಷ್ಯರ ಕಾಲುಗಳನ್ನು ತೊಳೆದು ಒರಸುತ್ತಾನೆ. ಆ ನಾಡಿನಲ್ಲಿ ಧೂಳುದಾರಿ ಸವೆಸಿ ಬಂದವರ ಕಾಲು ತೊಳೆಯುವುದು ಆಳುಗಳ ಕೆಲಸ. ಶಿಷ್ಯನು ಗುರುವಿನ ಪಾದ ತೊಳೆಯುವುದನ್ನು ಬಲ್ಲ ನಮಗೆ ಇಲ್ಲಿಯ ವಿಪರ್ಯಾಸವನ್ನು ಯಾರೂ ವಿವರಿಸಬೇಕಾಗಿಲ್ಲ. ಪೇತ್ರನು ಮೊದಲು ಒಪ್ಪುವುದಿಲ್ಲ. ಅವನ ನಿರಾಕರಣೆ ಗುರುಭಕ್ತಿಯಂತೆ ಕಾಣುತ್ತದೆ. ಆದರೆ ಸೇವೆಯನ್ನು ಸ್ವೀಕರಿಸುವುದಕ್ಕೂ ವಿನಯ ಬೇಕೆಂಬುದನ್ನು ಅವನಿನ್ನೂ ಕಲಿತಿರಲಿಲ್ಲ. ಆ ಊಟಕ್ಕೆ ಕುಳಿತವರಲ್ಲಿ ಗುರುವನ್ನು ಹಿಡಿದುಕೊಡಲಿದ್ದ ಯೂದನೂ ಇದ್ದನು. ಪಾತ್ರಾಪಾತ್ರ ವಿವೇಚನೆ ಆ ನೀರಿಗೆ ಇರಲಿಲ್ಲ.

6ನೆಯ ಶತಮಾನದಲ್ಲಿ ಇಟಲಿಯ ಬೆನೆಡಿಕ್ಟನು ಸಂನ್ಯಾಸಿಗಳಿಗಾಗಿ ಬರೆದ ನಿಯಮಾವಳಿಯಲ್ಲಿ ಈ ಸೇವೆಯನ್ನು ಅಡುಗೆಮನೆಗೆ ತಂದನು. ಸೋದರರು ವಾರದ ಸರದಿಯಂತೆ ಅಡುಗೆಮನೆಯಲ್ಲಿ ದುಡಿಯಬೇಕು. ಕಾಯಿಲೆಯೋ ಮುಖ್ಯವಾದ ಬೇರೆ ಕಾರ್ಯವೋ ಇದ್ದ ಹೊರತು ವಿನಾಯಿತಿಯಿಲ್ಲ. ಸರದಿ ಮುಗಿಸಿದವನು ಶನಿವಾರ ಕೈಕಾಲು ಒರಸುವ ವಸ್ತ್ರಗಳನ್ನು ಒಗೆಯಬೇಕು. ಅವನೂ ಮುಂದಿನ ವಾರದವನೂ ಕೂಡಿ ಎಲ್ಲರ ಕಾಲು ತೊಳೆಯಬೇಕು. ಪಾತ್ರೆಗಳನ್ನು ಶುಚಿಮಾಡಿ ಉಗ್ರಾಣಿಗೆ ಒಪ್ಪಿಸಬೇಕು. ಅತಿಥಿಗಳು ಬಂದರೆ ಮಠಾಧಿಪತಿಯೇ ಸೋದರರೊಡನೆ ಅವರ ಕಾಲು ತೊಳೆಯಬೇಕು. ಬಡವರನ್ನೂ ಯಾತ್ರಿಕರನ್ನೂ ವಿಶೇಷ ಆದರದಿಂದ ಕಾಣಬೇಕೆಂದು ವಿಧಿಸಿ ಬೆನೆಡಿಕ್ಟನು ಅದಕ್ಕೆ ಕಾರಣವನ್ನೂ ಕೊಡುತ್ತಾನೆ: ಸಿರಿವಂತರಿಗಾದರೆ ಜನರ ಅಂಜಿಕೆಯೇ ಮರ್ಯಾದೆಯನ್ನು ತಂದುಕೊಡುತ್ತದೆ. ಲೋಕವನ್ನು ಬಲ್ಲವನ ಮಾತಿದು.

ಈ ವಿಧಿಗಳಲ್ಲಿ ನಾನು ಮೆಚ್ಚುವುದು ಸರದಿಯ ಏರ್ಪಾಟನ್ನು. ಇಂದು ತೊಳೆದವನು ಮುಂದಿನ ವಾರ ತೊಳೆಸಿಕೊಳ್ಳುವವನು. ತಾನು ದೊಡ್ಡ ಸೇವಕನೆಂದು ಬೀಗಲು ಅಲ್ಲಿ ಯಾರಿಗೂ ಎಡೆಯಿಲ್ಲ.

ಮಠದ ಹೊರಗೆ ಈ ನೀರಿನ ಗತಿ ಬೇರೆಯಾಯಿತು. ಈಸ್ಟರ್ ಹಬ್ಬಕ್ಕೆ ಮುಂಚಿನ ಗುರುವಾರದಂದು ಪಾದಕ್ಷಾಲನ ನಡೆಯಬೇಕೆಂದು 694ರಲ್ಲಿ ಸ್ಪೇನಿನ ತೊಲೆದೊ ಧರ್ಮಸಭೆ ವಿಧಿಸಿತು. ಕಾಲಕ್ರಮದಲ್ಲಿ ಅರಸರೂ ಅದನ್ನು ಕೈಗೊಂಡರು. ಇಂಗ್ಲೆಂಡಿನಲ್ಲಿ 1573ರಲ್ಲಿ, 39 ವರ್ಷದ ಎಲಿಜಬೆತ್ ರಾಣಿ 39 ಮಂದಿ ಬಡ ಹೆಂಗಸರ ಕಾಲು ತೊಳೆದ ವರ್ಣನೆ ಉಳಿದುಬಂದಿದೆ. ಮೊದಲು ಅರಮನೆಯ ಅಗಸಗಿತ್ತಿ ಬೆಳ್ಳಿಯ ಬೋಗುಣಿಯಲ್ಲಿ ಹೂ ಹಾಕಿದ ಬಿಸಿನೀರಿನಿಂದ ತೊಳೆದಳು, ಬಳಿಕ ದಾನಾಧಿಕಾರಿಯ ಸಹಾಯಕ, ಬಳಿಕ ದಾನಾಧಿಕಾರಿ, ಮೂರು ಸಲ ಶುದ್ಧವಾದ ಆ ಕಾಲುಗಳನ್ನು ಕೊನೆಗೆ ರಾಣಿ ತೊಳೆದಳು. ಆ ಹೆಂಗಸರಿಗೆ ಬಟ್ಟೆಯೂ ಆಹಾರವೂ ಹಣವೂ ದೊರೆತವು; ಅದನ್ನು ಹಗುರವಾಗಿ ಕಾಣಬಾರದು. ಆದರೆ ಧೂಳು ಹೋದ ಮೇಲೆ ಬಂದ ಕೈ ಯಾವುದನ್ನು ತೊಳೆಯಿತು? 17ನೆಯ ಶತಮಾನದ ಕೊನೆಗೆ ಅರಸರು ತಾವಾಗಿ ತೊಳೆಯುವುದು ನಿಂತಿತು. 18ನೆಯ ಶತಮಾನದಲ್ಲಿ ತೊಳೆಯುವ ಕಾರ್ಯವೇ ನಿಂತಿತು. ಇಂದಿಗೂ ಅಲ್ಲಿ ಆ ಗುರುವಾರ ಅರಸನ ವಯಸ್ಸಿನಷ್ಟು ಮಂದಿ ಗಂಡಸರಿಗೂ ಅಷ್ಟೇ ಮಂದಿ ಹೆಂಗಸರಿಗೂ ನಾಣ್ಯಗಳ ಚೀಲ ಸಲ್ಲುತ್ತದೆ. ದಾನಾಧಿಕಾರಿ ನಾರುಬಟ್ಟೆಯ ವಸ್ತ್ರವನ್ನು ಇಂದೂ ತೊಟ್ಟಿರುತ್ತಾನೆ. ವಸ್ತ್ರ ಉಳಿಯಿತು, ನೀರು ಆರಿತು.

ರೋಮಿನ ಕಥೋಲಿಕ ಸಂಪ್ರದಾಯದಲ್ಲಿ ನೀರು ಆರಲಿಲ್ಲ. ನಮ್ಮ ಮಂಗಳೂರು, ಮೈಸೂರುಗಳ ದೇವಾಲಯಗಳಲ್ಲಿಯೂ ಆ ಸಂಜೆ ಗುರುಗಳು ಭಕ್ತರ ಕಾಲು ತೊಳೆಯುತ್ತಾರೆ. ಆದರೆ ಆ ವಿಧಿಗೆ ಗಂಡಸರನ್ನು ಮಾತ್ರ ಆರಿಸಬೇಕೆಂಬ ಕಟ್ಟಳೆಯಿತ್ತು. 2013ರಲ್ಲಿ ಪೋಪ್ ಫ್ರಾನ್ಸಿಸ್‌ರು ಪದವಿಗೆ ಬಂದ ಎರಡೇ ವಾರದಲ್ಲಿ ರೋಮಿನ ಬಾಲಾಪರಾಧಿಗಳ ಬಂದೀಖಾನೆಗೆ ಹೋಗಿ ಹನ್ನೆರಡು ಮಂದಿಯ ಕಾಲು ತೊಳೆದರು. ಅವರಲ್ಲಿ ಹುಡುಗಿಯರೂ ಇದ್ದರು, ಮುಸ್ಲಿಮರೂ ಇದ್ದರು. 2016ರಲ್ಲಿ ಹೆಂಗಸರನ್ನೂ ಸೇರಿಸಿಕೊಳ್ಳಲು ಅಪ್ಪಣೆಯಾಯಿತು.

ಇದೂ ಲೋಕದ ಕಣ್ಣಿಗೆ ಬೀಳುವ ಪ್ರದರ್ಶನವಲ್ಲವೆ ಎಂದು ತಾವು ಕೇಳಬಹುದು. ಅದಕ್ಕೆ 2025ರ ಆ ಗುರುವಾರವನ್ನು ನೆನೆಯುತ್ತೇನೆ. ಕಾಯಿಲೆಯಿಂದ ಜರ್ಝರಿತರಾಗಿದ್ದ 88 ವರ್ಷದ ಪೋಪರು ಗಾಲಿಕುರ್ಚಿಯಲ್ಲಿ ರೋಮಿನ ರೆಜಿನಾ ಚೇಲಿ ಕಾರಾಗೃಹಕ್ಕೆ ಹೋದರು. ಈ ವರ್ಷ ಕಾಲು ತೊಳೆಯಲು ತಮ್ಮಿಂದಾಗದೆಂದು ಹೇಳಿ, ಸುಮಾರು 70 ಮಂದಿ ಕೈದಿಗಳ ಜೊತೆಗೆ ಸ್ವಲ್ಪ ಹೊತ್ತು ಇದ್ದು ಬಂದರು. ನಾಲ್ಕು ದಿನಗಳ ಮೇಲೆ ತೀರಿಕೊಂಡರು.

ಅಂದು ಬೋಗುಣಿಯಿಲ್ಲ, ವಸ್ತ್ರವಿಲ್ಲ, ಬಾಗಲು ಶಕ್ತಿಯೂ ಇಲ್ಲ. ಹೋಗಬೇಕಾದಲ್ಲಿಗೆ ಹೋದುದೊಂದೇ ಉಳಿದಿತ್ತು. ಅಷ್ಟು ಉಳಿದರೆ ವಿಧಿಗೆ ಜೀವವಿದೆ ಎಂದು ನಾನು ಎಣಿಸುತ್ತೇನೆ.